ರಾಗಿ ತುಂಬಿದ ಪ್ಯಾಂಟಿನ ಕಾಲು

ನಮ್ಮ ಮನೆಯಲ್ಲಿ ಏನೇನು ಬೀಳಬಹುದು ಎಂದು ಯೋಚಿಸುವ ಖಾತೆ ನನ್ನದು. ಫ್ಯಾನು ಬೀಳಬಹುದು. ಗೀಸರ್ ಕಳಚಿಕೊಳ್ಳಬಹುದು. ಬಾಲ್ಕನಿಯ ತುಳಸಿ ಕುಂಡ ಹದಿನಾಲ್ಕು ಮಹಡಿ ಇಳಿದು, ಕೆಳಗೆ ವಾಕಿಂಗ್ ಮಾಡುತ್ತಿರುವ ಸೊಸೈಟಿ ಕಾರ್ಯದರ್ಶಿಯ ತಲೆಯನ್ನೇ ಹುಡುಕಿಕೊಂಡು ಹೋಗಬಹುದು. ಇದುವರೆಗೆ ಇವುಗಳಲ್ಲಿ ಯಾವುದೂ ಬಿದ್ದಿಲ್ಲ. ಹೋದದ್ದು ನನ್ನ ಕೆಲಸ ಒಂದೇ. ಅದರ ಬಗ್ಗೆ ಮಾತ್ರ ನಾನು ಚಿಂತೆ ಮಾಡಿರಲಿಲ್ಲ.

ನೋಯ್ಡಾದ ಕಂಪನಿಯೊಂದರಲ್ಲಿ ನಾನಿದ್ದ ವಿಭಾಗವನ್ನೇ ಮುಚ್ಚಿದರು. ಐವತ್ತರ ಹತ್ತಿರಕ್ಕೆ ಬಂದಿದ್ದೆ. ಕೆಲವು ಕಡೆ ಇಂಟರ್‌ವ್ಯೂಗೆ ಕರೆದರು, ಕಾಫಿ ಕೊಟ್ಟರು, 'ಸರ್' ಅಂದರು. ಸರ್ ಅಂದ ಕಡೆ ಕೆಲಸ ಸಿಗುವುದಿಲ್ಲ ಎಂಬುದು ನಿಧಾನವಾಗಿ ತಲೆಗೆ ಹೋಯಿತು.

ಅಷ್ಟು ಹೊತ್ತಿಗೆ ನನ್ನ ಹೆಂಡತಿ ಫೋಟೋಗ್ರಾಫರ್ ಆಗಿ ಹೆಸರು ಮಾಡಿದ್ದಳು. ಬಸುರಿಯರು, ಹಸುಗೂಸುಗಳು, ಮೊದಲ ವರ್ಷದ ಹುಟ್ಟುಹಬ್ಬಗಳು, ಇವು ಅವಳ ಕ್ಷೇತ್ರ. ಅವಳು ಹುಟ್ಟಿ ಬೆಳೆದದ್ದು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅವಳ ಹಿಂದಿ ಕೇಳಿದ ಪಂಜಾಬಿ ಹೆಂಗಸರು ತಮ್ಮ ಕಡೆಯವಳೇ ಅಂದುಕೊಳ್ಳುತ್ತಾರೆ. ನನ್ನ ಹಿಂದಿ ಇಷ್ಟು ವರ್ಷಗಳ ನಂತರವೂ ಆಟೋದವನಿಗೆ ಎಡ ಬಲ ಹೇಳುವ ಮಟ್ಟ ದಾಟಿಲ್ಲ.

"ನನ್ನ ಜೊತೆ ಬನ್ನಿ," ಅಂದಳು ಒಂದು ದಿನ. "ಮನೇಲಿ ಕೂತು ಗೀಸರ್ ಕಾಯೋ ಬದಲು ಲೈಟು ಹಿಡ್ಕೊಳ್ಳಿ."

ನನ್ನ ಎರಡನೇ ಉದ್ಯೋಗಕ್ಕೆ ಸಿಕ್ಕ ನೇಮಕಾತಿ ಪತ್ರ ಇಷ್ಟೇ. ಷರತ್ತು ಒಂದಿತ್ತು. ಗಿರಾಕಿಗಳ ಮುಂದೆ ನಾನು ಅವಳನ್ನು 'ಮೇಡಂ' ಅನ್ನಬೇಕು. ಅವಳು ನನ್ನನ್ನು ಏನೂ ಅನ್ನುವುದಿಲ್ಲ. "ಗಂಡ ಲೈಟು ಹಿಡ್ಕೊಂಡು ನಿಂತಿದಾನೆ ಅಂದ್ರೆ, ಇದೇನೋ ಮನೆಮಂದಿ ಸೇರಿ ಮಾಡೋ ಹಪ್ಪಳದ ವ್ಯಾಪಾರ ಅನ್ಕೋತಾರೆ," ಅಂತ ಅವಳ ವಿವರಣೆ. ಹಪ್ಪಳ ಮಾಡುವವರ ಬಗ್ಗೆ ನನಗೆ ಗೌರವವಿದೆ. ಆದರೂ ಒಪ್ಪಿಕೊಂಡೆ.

ಆ ಲೈಟಿನ ಬಗ್ಗೆ ಹೇಳಬೇಕು, ಏಕೆಂದರೆ ನನ್ನ ಚಿಂತೆಗೆ ಅಷ್ಟು ಅನುಕೂಲವಾದ ವಸ್ತುವನ್ನು ನಾನು ಬೇರೆ ಕಂಡಿಲ್ಲ. ಬ್ಯಾಟರಿಯ ಮೇಲೆ ನಡೆಯುವ ಫ್ಲಾಶು, ಥರ್ಮಾಸ್ ಫ್ಲಾಸ್ಕಿನ ಗಾತ್ರ. ಕೈಯಲ್ಲಿ ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಬರೀ ಫ್ಲಾಶಿನ ಬೆಳಕು ಮುಖಕ್ಕೆ ಹೊಡೆದ ಹಾಗಿರುತ್ತದೆ. ಬಸುರಿಯರ ಮೇಲೆ ಬೆಳಕು ಬೆಣ್ಣೆಯ ಹಾಗೆ ಇಳಿಯಬೇಕು. ಅದಕ್ಕೆ ಫ್ಲಾಶಿನ ಮೂತಿಗೆ ಒಂದು ಸಾಫ್ಟ್‌ಬಾಕ್ಸ್ ಸಿಕ್ಕಿಸುತ್ತಾರೆ. ಕಡ್ಡಿಗಳ ಮೇಲೆ ಬಿಗಿದ ಎಂಟು ಮೂಲೆಯ ಬಟ್ಟೆಯ ಗೂಡು ಅದು, ಬಿಚ್ಚಿ ಹರಡಿದರೆ ನಮ್ಮ ಬಾತ್‌ರೂಮಿನಷ್ಟು ಅಗಲ. ಇಷ್ಟೂ ಭಾರ ಆ ಪುಟ್ಟ ಫ್ಲಾಶಿನ ಮೂತಿಯಲ್ಲಿ ಜೋತುಬಿದ್ದಿರುತ್ತದೆ. ಫ್ಲಾಶಿನ ಕತ್ತು ಒಂದು ತಿರುಪಿನ ಮೇಲೆ ನಿಂತಿರುತ್ತದೆ. ಎಷ್ಟು ಬಿಗಿದರೂ ಸ್ವಲ್ಪ ಹೊತ್ತಿಗೆ ತಲೆ ಬಾಗುತ್ತದೆ, ಚಾರ್ಟರ್ಡ್ ಬಸ್ಸಿನಲ್ಲಿ ಮನೆಗೆ ಮರಳುವ ಗುಮಾಸ್ತನ ಹಾಗೆ.

ಆ ತಲೆ ಬಾಗಿದಾಗಲೆಲ್ಲ ನನ್ನ ಎದೆ ಹಾರುತ್ತಿತ್ತು. ಕರೋಲ್ ಬಾಗ್‌ನ ಅಂಗಡಿಯೊಂದರಿಂದ ಒಂದು ಬ್ರ್ಯಾಕೆಟ್ ತಂದೆ. ಅದು ಗೂಡಿನ ಉಂಗುರವನ್ನೇ ನೇರವಾಗಿ ಹಿಡಿದುಕೊಳ್ಳುವ ಲೋಹದ ತೋಳು. ಭಾರವೆಲ್ಲ ತೋಳಿಗೆ, ಫ್ಲಾಶು ಹಿಂದೆ ಆರಾಮಾಗಿ ಒರಗಿಕೊಂಡಿದ್ದರೆ ಸಾಕು. ಒಂದು ವಾರ ನೆಮ್ಮದಿಯಾಗಿದ್ದೆ. ಆಮೇಲೆ ಹೆಂಡತಿಗೆ ಬೆಳಕು ನೆತ್ತಿಯ ಮೇಲಿಂದ ಬರಬೇಕು ಅನ್ನಿಸಿತು. ಅದಕ್ಕೆ ಬೂಮ್ ಬಂತು. ಬೂಮ್ ಅಂದರೆ ಸ್ಟ್ಯಾಂಡಿನ ಮೇಲೆ ಅಡ್ಡ ಕೂರಿಸುವ ಉದ್ದನೆಯ ಪೈಪು. ಮುಂದಿನ ತುದಿಯಲ್ಲಿ ಲೈಟು, ಹಿಂದಿನ ತುದಿಯಲ್ಲಿ ಅದಕ್ಕೆ ಸಮನಾದ ಭಾರ, ಲೈಟಿನ ಕೆಳಗೆ ಯಾರದೋ ಮನೆಯ ಬಸುರಿ ಹೆಣ್ಣುಮಗಳು. ನನ್ನಂಥವನ ನಿದ್ದೆ ಕೆಡಲು ಇನ್ನೇನು ಬೇಕು.

ಆ ಚಳಿಗಾಲದ ಅರ್ಧ ಹಾಗೇ ನಡೆಯಿತು. ನಾನು ಲೈಟು ನೋಡುತ್ತಿದ್ದೆ, ಹೆಂಡತಿ ನನ್ನನ್ನು ನೋಡುತ್ತಿದ್ದಳು. ಒಮ್ಮೆ ಅವಳು ಕ್ಲಿಕ್ ಮಾಡುವ ಹೊತ್ತಿಗೆ ಸರಿಯಾಗಿ ನಾನು "ಹುಷಾರು" ಅಂದುಬಿಟ್ಟೆ. ಎಷ್ಟೋ ಹೊತ್ತು ಲಾಲಿ ಹಾಡಿ ಮಲಗಿಸಿದ್ದ ಮಗು ಎದ್ದು ಕಿರುಚಿತು. ಆವತ್ತು ಕಾರಿನಲ್ಲಿ ಅವಳು ಬಾಯಿ ಬಿಟ್ಟಳು.

"ಒಂದು ಲೈಟು ಹಿಡ್ಕೊಳ್ಳೋಕೆ ಎಷ್ಟು ಮುಖ ಮಾಡ್ತೀರಿ. ನೀವು ಮೇಲೆ ನೋಡಿದ್ರೆ ಅವರೂ ಮೇಲೆ ನೋಡ್ತಾರೆ. ನನ್ನ ಅರ್ಧ ಫೋಟೋಗಳಲ್ಲಿ ಬಸುರಿಯರು ಸೂರು ಕುಸಿಯುತ್ತೇನೋ ಅನ್ನೋ ಹಾಗೆ ಕೂತಿದಾರೆ."

"ಕುಸಿಯೋ ಸಾಧ್ಯತೆ ಇತ್ತು," ಅಂದೆ.

"ನೋಡ್ರೀ, ಮುಂದಿನ ಕೆಲಸ ಪಶ್ಚಿಮ ದಿಲ್ಲೀದು, ದೊಡ್ಡ ಮನೆ. ಆ ಮನೆ ಅತ್ತೆ ಒಪ್ಪಿದ್ರೆ ಅವರ ನಾದಿನಿ, ಅತ್ತಿಗೆ, ಕಿಟ್ಟಿ ಪಾರ್ಟಿ ಹೆಂಗಸರು ಎಲ್ಲ ಹಿಂದೇನೇ ಬರ್ತಾರೆ. ಅಲ್ಲಿ ಏನಾದ್ರೂ ಎಡವಟ್ಟಾದ್ರೆ ನಿಮ್ಮನ್ನ ಕೆಲಸದಿಂದ ಬಿಡಿಸ್ತೀನಿ. ಆಮೇಲೆ ಹೇಳಿರ್ಲಿಲ್ಲ ಅನ್ಬೇಡಿ."

"ನನ್ನ ಬದಲು ಯಾರು ಬರ್ತಾರೆ?"

"ಹೆದರದೇ ಇರೋರು."

ಇದನ್ನು ನಾನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಕೆಲಸವಿಲ್ಲದ ಗಂಡಸಿನ ಬೆಳಗ್ಗೆ ಹೇಗಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಹನ್ನೊಂದು ಗಂಟೆಗೆ ತರಕಾರಿ ಗಾಡಿಯ ಭಯ್ಯಾ ಕೂಡ "ಛುಟ್ಟೀ ಹೈ ಕ್ಯಾ, ಸರ್", ರಜೆಯಾ ಎಂದು ಕೇಳುತ್ತಾನೆ. ಈಗ ಶೇವ್ ಮಾಡಿಕೊಂಡು, ಟ್ರೈಪಾಡು ಹೆಗಲಿಗೆ ಹಾಕಿಕೊಂಡು ಲಿಫ್ಟಿನಲ್ಲಿ ಇಳಿಯುವಾಗ ಯಾರೂ ಏನೂ ಕೇಳುತ್ತಿರಲಿಲ್ಲ. ಅಷ್ಟೇ ನನಗೆ ಬೇಕಾಗಿದ್ದದ್ದು. ಈ ಕೆಲಸವೂ ಕೈಬಿಟ್ಟರೆ ಮೂರನೆಯದನ್ನು ಕೊಡುವವರು ಯಾರೂ ಇರಲಿಲ್ಲ. ಇನ್ನೊಬ್ಬ ಹೆಂಡತಿಯೂ ಇರಲಿಲ್ಲ.

ಹಾಗಾಗಿ ಈ ಸಲ ಭದ್ರತೆಯಲ್ಲಿ ಯಾವ ಕೊರತೆಯೂ ಆಗಬಾರದು ಎಂದು ನಿರ್ಧರಿಸಿದೆ. ಬೂಮಿನ ಹಿಂದಿನ ತುದಿಗೆ ಸಾಮಾನ್ಯವಾಗಿ ಮರಳಿನ ಚೀಲ ಕಟ್ಟುತ್ತಾರೆ. ಮರಳು ಸೋರಿದರೆ ಅವರ ಮಾರ್ಬಲ್ ನೆಲಕ್ಕೆ ಗೀರು ಬೀಳುತ್ತದೆ. ನೀರಿನ ಕ್ಯಾನು ಕಟ್ಟಿದರೆ, ನೀರು, ಕರೆಂಟು, ಬಸುರಿ. ಅದನ್ನು ಯೋಚಿಸುವುದೇ ಬೇಡ. ಒಂದು ಸಂಜೆ ರಾಗಿಮುದ್ದೆ ಮಾಡಿದ್ದೆ. ತುಮಕೂರಿನಿಂದ ನಮ್ಮಕ್ಕ ವರ್ಷಾ ವರ್ಷ ಮೂಟೆ ರಾಗಿ ಕಳಿಸುತ್ತಾಳೆ, ಮನೆಯಲ್ಲಿ ತಿನ್ನುವವನು ನಾನೊಬ್ಬ. ಕಾಲೇಜಿಗೆ ಹೋಗುವ ಮಗಳು ತಟ್ಟೆ ನೋಡಿ, "ಪಪ್ಪಾ, ಇದು ಪೇಪರ್‌ವೇಟ್ ಥರ ಇದೆ, ಸಚ್ಚೀ," ಅಂದಳು. ಆ ಮಾತೇ ನನಗೆ ದಾರಿ ತೋರಿಸಿತು.

ರಾಗಿಗೆ ಹುಳು ಹಿಡಿಯುವುದಿಲ್ಲ. ಮರಳಿನ ಹಾಗೆ ಒತ್ತಿಕೊಂಡು ಕೂರುತ್ತದೆ. ನೆಲ ಗೀರುವುದಿಲ್ಲ. ಸೋರಿದರೂ ಅದು ಅನ್ನ; ಅನ್ನ ಕಂಡು ಯಾರು ಬೈಯುತ್ತಾರೆ? ಆಫೀಸಿಗೆ ಹಾಕಿಕೊಂಡು ಹೋಗುತ್ತಿದ್ದ ಬೂದು ಬಣ್ಣದ ಪ್ಯಾಂಟು ಇನ್ನೂ ಗಟ್ಟಿಯಾಗಿತ್ತು. ಅದರ ಒಂದು ಕಾಲನ್ನು ಕತ್ತರಿಸಿ, ಕೆಳಬಾಯಿ ಹೊಲಿದು, ರಾಗಿ ತುಂಬಿ, ಮೇಲ್ಬಾಯಿಯನ್ನು ದಬ್ಬಳದಲ್ಲಿ ಹೊಲಿದೆ. ಮಗಳು ಬಂದು ನೋಡಿದಳು.

"ಪಪ್ಪಾ, ಇಟ್ಸ್ ಯೂ. ಮೇಲೆ ಏನೂ ಇಲ್ಲ, ಬರೀ ಲೆಗ್."

ಹೆಂಡತಿ ನಕ್ಕಳು. ನಾನೂ ನಕ್ಕೆ. ತೂಕ ಸರಿಯಾಗಿತ್ತು.

ಕೆಲಸದ ದಿನ ಬೆಳಗ್ಗೆ ಎದ್ದಾಗ, ತೂಕ ಸ್ವಲ್ಪ ಕಡಿಮೆ ಆಯಿತೇನೋ ಅನ್ನಿಸಿತು. ಚಳಿಗೆ ರಾಗಿ ಹಗುರಾಗುವುದಿಲ್ಲ ಎಂದು ಗೊತ್ತಿದ್ದರೂ ಅನ್ನಿಸಿತು. ಹೊಲಿಗೆ ಬಿಚ್ಚಿ ಇನ್ನೆರಡು ಪಾವು ಸುರಿದೆ. ಕೆಳಗಿಂದ ಹೆಂಡತಿ ಹಾರ್ನ್ ಹೊಡೆಯುತ್ತಿದ್ದಳು. ಮತ್ತೆ ಹೊಲಿಯಲು ಪುರುಸೊತ್ತಿರಲಿಲ್ಲ, ಸೇಫ್ಟಿಪಿನ್ನು ಚುಚ್ಚಿದೆ. ಹೆಸರಿನಲ್ಲೇ ಸೇಫ್ಟಿ ಇದೆಯಲ್ಲ ಎಂಬ ಧೈರ್ಯ.

ಪಶ್ಚಿಮ ದಿಲ್ಲಿಯ ಆ ಮನೆಯ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿತ್ತು, ಅದರ ಮೇಲೊಂದು ಕಪ್ಪು ರಾಕ್ಷಸ ಮುಖ. ಬೆಲ್ ಒತ್ತುವ ಮುಂಚೆ ಹೆಂಡತಿ ಪಿಸುಮಾತಿನಲ್ಲಿ ಹೇಳಿದಳು. "ಈ ಹುಡುಗಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿದೆಯಂತೆ. ಅತ್ತೆಗೆ ದೃಷ್ಟಿ ಗಿಷ್ಟಿ ಅಂದ್ರೆ ಜೀವ ಹೋಗುತ್ತೆ. ನೀವು ಮಾತಾಡ್ಬೇಡಿ. ಮೇಲೂ ನೋಡ್ಬೇಡಿ. ಸುಮ್ನೆ ನಗ್ತಾ ಇರಿ."

ಅತ್ತೆಯೇ ಬಾಗಿಲು ತೆಗೆದರು. ಎತ್ತರದ ಹೆಂಗಸು, ಹೊದ್ದ ಶಾಲಿನ ಮೇಲೆ ಒಂದು ಸುಕ್ಕಿರಲಿಲ್ಲ. ಹೆಂಡತಿಯನ್ನು "ಆವೋ ಬೇಟಾ" ಎಂದು ಒಳಗೆ ಕರೆದರು. ನನ್ನಿಂದ ಬೂಟು ಬಿಚ್ಚಿಸಿ, ಕೈ ತೊಳೆಸಿ, ಬಳಿಕ ಬಗಲಿನ ಪ್ಯಾಂಟಿನ ಕಾಲನ್ನು ನೋಡಿದರು.

"ಯೇ ಕ್ಯಾ ಹೈ?"

"ವಜನ್," ಅಂದೆ. ಭಾರ. ಅದು ಸುಳ್ಳಾಗಿರಲಿಲ್ಲ.

ಸೊಸೆ ತೆಳು ಗುಲಾಬಿ ಗೌನು ತೊಟ್ಟು, ಅದರ ಅಂಚನ್ನು ಸುತ್ತ ಹರಡಿಕೊಂಡು, ಡ್ರಾಯಿಂಗ್ ರೂಮಿನ ನಡುವೆ ನೆಲದ ಮೇಲೆ ಕೂತಿದ್ದಳು. ಸೊಂಟ ನೋಯುತ್ತದೆ ಎಂದು ಆಗಲೇ ರಾಗ ಎಳೆಯುತ್ತಿದ್ದಳು. ಎಷ್ಟು ಹೇಳಿದರೂ ನಗಲಿಲ್ಲ. ನಾನು ಸ್ಟ್ಯಾಂಡು ನಿಲ್ಲಿಸಿ, ಬೂಮು ಕೂರಿಸಿ, ಮುಂದಿನ ತುದಿಗೆ ಬ್ರ್ಯಾಕೆಟ್, ಫ್ಲಾಶು, ಗೂಡು, ಹಿಂದಿನ ತುದಿಗೆ ರಾಗಿಯ ಕಾಲನ್ನು ಎರಡೂ ಬಾಯಿ ಕೆಳಗೆ ಜೋಲುವಂತೆ ಕಟ್ಟಿದೆ. ಗೂಡು ಅವಳ ನೆತ್ತಿಯ ಮೇಲೆ ಚಪ್ಪರದ ಹಾಗೆ ನಿಂತಿತು. ತಕ್ಕಡಿಯ ಹಾಗೆ ಸರಿಸಮ. ಎಷ್ಟು ಖುಷಿಯಾಯಿತೆಂದರೆ ಯಾರೂ ಹೇಳದಿದ್ದರೂ ನಕ್ಕೆ.

ಅತ್ತೆ ಬಾದಾಮಿ ಹಾಲು ತರಲು ಒಳಗೆ ಹೋದರು. ಹೆಂಡತಿ ಕ್ಯಾಮೆರಾ ಕಣ್ಣಿಗಿಟ್ಟು, "ಸ್ವಲ್ಪ ಎಡಕ್ಕೆ," ಅಂದಳು. ಸ್ವಲ್ಪ ಎಡಕ್ಕೆ ಹೋದೆ. "ಇನ್ನೂ ಸ್ವಲ್ಪ. ಬೆಳಕು ಮೇಲೇ ಇರ್ಲಿ, ನೀವು ಸುತ್ತಿ ಬನ್ನಿ." ಗೂಡು ನೆತ್ತಿಯ ಮೇಲೇ ಇರಬೇಕು, ಸ್ಟ್ಯಾಂಡು ಮಾತ್ರ ಸುತ್ತಬೇಕು. ನಾನು ಸ್ಟ್ಯಾಂಡನ್ನು ತಬ್ಬಿಕೊಂಡು, ಅಡಿ ಅಡಿಯಾಗಿ, ಆ ಹುಡುಗಿಯ ಸುತ್ತ ಪ್ರದಕ್ಷಿಣೆ ಹಾಕಿದೆ. ಮೇಲೆ ನೋಡಬಾರದೆಂಬ ಅಪ್ಪಣೆ ಇತ್ತು. ಆದ್ದರಿಂದ ಎದುರು ಗೋಡೆಯ ಗಡಿಯಾರವನ್ನು ನೋಡುತ್ತಾ ನಗುತ್ತಿದ್ದೆ. ಹಿಂದೆ ನನ್ನ ಸೇಫ್ಟಿಪಿನ್ನುಗಳ ಸಂದಿನಿಂದ ರಾಗಿ ಸಣ್ಣ ಧಾರೆಯಾಗಿ ಬಿಳಿ ಮಾರ್ಬಲ್ ಮೇಲೆ ಸುರಿಯುತ್ತಿದ್ದದ್ದು ನನಗೆ ಕಾಣಲಿಲ್ಲ. ಹೆಂಡತಿಯ ಒಂದು ಕಣ್ಣು ಕ್ಯಾಮೆರಾದೊಳಗೆ, ಇನ್ನೊಂದು ಮುಚ್ಚಿತ್ತು. ಅವಳಿಗೂ ಕಾಣಲಿಲ್ಲ. ಸೊಸೆ ಹೊಟ್ಟೆಯತ್ತ ಮುಖ ತಗ್ಗಿಸಿ ಕಣ್ಣು ಮುಚ್ಚಿದ್ದಳು.

ಒಂದು ಸುತ್ತು ಪೂರೈಸುವ ಹೊತ್ತಿಗೆ ಪೈಪು ನನ್ನ ಭುಜದ ಮೇಲಿಂದ ಮೆಲ್ಲಗೆ ಮೇಲಕ್ಕೆ ಏಳತೊಡಗಿತು. ಹಿಂದಿನ ತುದಿ ಎದ್ದರೆ ಮುಂದಿನ ತುದಿ ಇಳಿಯುತ್ತದೆ. ನಾನು ಹಾರಿ ಹಿಂದಿನ ತುದಿಗೆ ಜೋತುಬಿದ್ದೆ. ಗೂಡು ಒಮ್ಮೆ ಹೊಯ್ದಾಡಿ ನಿಂತಿತು. ಜೀವನದಲ್ಲಿ ಮೊದಲ ಸಲ, ನಾನು ಬೀಳುತ್ತದೆ ಅಂದುಕೊಂಡ ವಸ್ತು ನಿಜಕ್ಕೂ ಬೀಳುತ್ತಿತ್ತು, ಮತ್ತು ನಾನು ಅದನ್ನು ಹಿಡಿದಿದ್ದೆ.

ಆಗ ಅತ್ತೆ ಹಾಲಿನ ಲೋಟ ಹಿಡಿದು ಬಂದರು. ನೆಲ ನೋಡಿದರು. ತುಂಬಿದ ಬಸುರಿ, ಅವಳ ಸುತ್ತ ಕಂದುಗೆಂಪು ಕಾಳಿನ ಒಂದು ದುಂಡನೆಯ ಗೆರೆ, ಗೆರೆಯ ಅಂಚಿನಲ್ಲಿ ಪೈಪಿಗೆ ಜೋತುಬಿದ್ದು ನಗುತ್ತಿರುವ ಗಂಡಸು. ಹೌದು, ಗಾಬರಿಯಲ್ಲಿ ನಗು ನಿಲ್ಲಿಸುವುದನ್ನು ಮರೆತಿದ್ದೆ.

"ಬಹೂ," ಅಂದರು ಅವರು ಬಹಳ ತಣ್ಣಗೆ. "ಹಿಲ್ನಾ ಮತ್. ಆ ಗೆರೆ ದಾಟಬೇಡ." ಆಮೇಲೆ ನನ್ನ ಕಡೆ ತಿರುಗಿ, "ರಾಯೀ ಡಾಲೀ ಹೈ ತೂನೇ," ಅಂದರು.

ರಾಯಿ ಅಂದರೆ ಸಾಸಿವೆ, ಅದನ್ನು ಹಾಕಿದವನು ನಾನು ಎಂದು ಆರೋಪ. ಬಸುರಿಯ ಸುತ್ತ ಸಾಸಿವೆಯ ಗೆರೆ ಎಳೆದರೆ ಗರ್ಭವನ್ನು ಕಟ್ಟಿಹಾಕಿದ ಹಾಗೆ, ಅದು ಮಾಟ, ಅವರ ಮಾತಿನಲ್ಲಿ ಟೋಟ್ಕಾ, ಎಂಬುದು ಆಕೆಯ ನಂಬಿಕೆ. ಅಷ್ಟು ನನಗೆ ಆಗ ತಿಳಿದಿರಲಿಲ್ಲ. ಸಾಸಿವೆ ಅಂದುಕೊಂಡಿದ್ದಾರೆ ಎಂಬುದಷ್ಟೇ ತಿಳಿಯಿತು. ತಿದ್ದಲು ಹೋದೆ.

"ರಾಗಿ ಹೈ ಜೀ, ರಾಗಿ. ಹಮಾರಾ ಖಾನಾ."

"ಖಾನಾ ಪ್ಯಾಂಟ್ ಮೇಂ ರಖ್ತೇ ಹೋ?"

ನಿಮ್ಮ ಊಟವನ್ನು ಪ್ಯಾಂಟಿನಲ್ಲಿ ಇಡುತ್ತೀರಾ ಎಂಬ ಪ್ರಶ್ನೆಗೆ ನನ್ನ ಹಿಂದಿಯಲ್ಲಿ ಉತ್ತರವಿರಲಿಲ್ಲ. ಮಾಡಿ ತೋರಿಸೋಣ ಎಂದುಕೊಂಡೆ. ಒಂದು ಕೈಯಲ್ಲಿ ಪೈಪು ಹಿಡಿದು, ಇನ್ನೊಂದನ್ನು ಪ್ಯಾಂಟಿನ ಕಾಲಿನೊಳಗೆ ತೂರಿಸಿ, ಹಿಡಿ ರಾಗಿ ಬಾಯಿಗೆ ಹಾಕಿಕೊಂಡೆ. ಹಸಿ ರಾಗಿ ಜಗಿಯುವುದು ಸುಲಭವಲ್ಲ. ಹಲ್ಲಿಗೆ ಸಿಗುವುದಿಲ್ಲ, ಗಂಟಲಿಗೂ ಇಳಿಯುವುದಿಲ್ಲ. ತುಟಿ ಪಿಟಿಪಿಟಿ ಅನ್ನುತ್ತಿತ್ತು.

"ಏನೋ ಪಠಿಸ್ತಿದಾನೆ," ಅಂದರು ಅತ್ತೆ ಹಿಂದಿಯಲ್ಲಿ, ಇನ್ನೂ ತಣ್ಣಗೆ. ಲೋಟ ಕೆಳಗಿಟ್ಟು ಹೆಂಡತಿಯತ್ತ ನೋಡಿದರು. "ಬೇಟಾ, ಯೇ ಆದ್ಮೀ ಹೈ ಕೌನ್?"

ನಾನೂ ಹೆಂಡತಿಯನ್ನು ನೋಡಿದೆ. ಬಾಯಿ ತುಂಬ ರಾಗಿ ಇತ್ತು, ಕೈ ಬಿಡುವ ಹಾಗಿರಲಿಲ್ಲ. ಅವಳು ಕ್ಯಾಮೆರಾ ಇಳಿಸಿದಳು. ಅವಳ ಮುಖದಲ್ಲಿ ಲೆಕ್ಕಾಚಾರ ನಡೆಯುವುದು ನನಗೆ ಗೊತ್ತಾಗುತ್ತದೆ. ಎಡ ಹುಬ್ಬು ಸ್ವಲ್ಪ ಏಳುತ್ತದೆ.

"ದಿಹಾಡೀ ಪೇ ಆತಾ ಹೈ, ಆಂಟೀ," ಅಂದಳು. ದಿನಗೂಲಿಯವನು. "ಲೈಟು ಹಿಡಿಯೋಕೆ ಕರ್ಕೊಂಡು ಬಂದಿದ್ದೆ. ಮೈಂ ಜ್ಯಾದಾ ಜಾನ್ತೀ ನಹೀಂ."

ಹೆಚ್ಚು ಗೊತ್ತಿಲ್ಲ. ಇಷ್ಟು ವರ್ಷದ ಸಂಸಾರದ ನಂತರ ಅದು ಪೂರ್ತಿ ಸುಳ್ಳು ಅಂತಲೂ ಅನ್ನಲಾರೆ.

"ಕಹಾಂ ಕಾ ಹೈ?"

"ಸೌತ್ ಕಡೆಯವನು ಅಂತಾನೆ."

"ನೀನೂ ಆ ಕಡೆಯವಳೇ ಅಲ್ವಾ?"

"ನಹೀಂ ಆಂಟೀ, ಮೈಂ ತೋ ಆರ್.ಕೆ.ಪುರಂ ಕೀ ಹೂಂ."

ಒಂದೇ ಉಸಿರಿಗೆ ಗಂಡನನ್ನೂ ಊರನ್ನೂ ಕಳಚಿ ಪಕ್ಕಕ್ಕಿಟ್ಟಳು. ಕಳಚಿದ್ದು ಎಷ್ಟು ಸಲೀಸಾಗಿತ್ತೆಂದರೆ, ಈ ಕೆಲಸಕ್ಕೆ ಬೇರೆ ಕಡೆ ಎಲ್ಲೋ ಅಭ್ಯಾಸ ಮಾಡಿದ್ದಳೇನೋ ಅನ್ನಿಸಿತು.

ರಾಗಿಯನ್ನು ಹೇಗೋ ನುಂಗಿ ನಾನು ಕನ್ನಡದಲ್ಲಿ ಹೇಳಿದೆ. "ಮೇಡಂ, ನಾನು ಕೈ ಬಿಟ್ರೆ ಆ ಹುಡುಗಿ ತಲೆ ಮೇಲೆ ಬೀಳುತ್ತೆ. ಮೊದಲು ಲೈಟು ಇಳಿಸಿ."

ಆ ಮನೆಯವರಿಗೆ ಅರ್ಥವಾಗದ ಭಾಷೆಯಲ್ಲೂ ನನ್ನ ಬಾಯಿಗೆ 'ಮೇಡಂ' ಬಂದಿತ್ತು. ಅವಳು ಸ್ಟ್ಯಾಂಡಿನ ತಿರುಪು ಸಡಿಲಿಸಿ ಮೆಲ್ಲಗೆ ತಗ್ಗಿಸಿದಳು, ಗೂಡನ್ನು ಹಿಡಿದು ಪಕ್ಕಕ್ಕೆ ತಿರುಗಿಸಿದಳು, ಬ್ರ್ಯಾಕೆಟಿನಿಂದ ಬಿಡಿಸಿದಳು. ಒಂದು ಕಡ್ಡಿಯೂ ಯಾರಿಗೂ ತಾಗಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ.

ನಾನು ಕಸಪೊರಕೆಗಾಗಿ ಅತ್ತಿತ್ತ ನೋಡಿದೆ. ಅತ್ತೆ ಬೇಡ ಎಂದು ತಲೆಯಾಡಿಸಿದರು. ಪೊರಕೆ ತಾಗಿಸುವಂತಿಲ್ಲ. ಮನೆಯವರು ಮುಟ್ಟುವಂತಿಲ್ಲ. ಹಾಕಿದವನೇ ಎತ್ತಬೇಕು, ಎಡಗೈಯಲ್ಲಿ ಎತ್ತಬೇಕು, ಹಾಕಿದ್ದಕ್ಕೆ ಉಲ್ಟಾ ದಿಕ್ಕಿನಲ್ಲಿ ಸುತ್ತಬೇಕು, ಒಂದು ಕಾಳೂ ಉಳಿಯಬಾರದು. ಅಲ್ಲಿಯವರೆಗೆ ಸೊಸೆ ಗೆರೆಯೊಳಗಿಂದ ಏಳಬಾರದು. ಹೆಂಡತಿ ಈ ನಿಯಮಗಳನ್ನು ನನ್ನ ಕಿವಿಯ ಹತ್ತಿರ ಬಗ್ಗಿ ಕನ್ನಡದಲ್ಲಿ ಪಿಸುಗುಟ್ಟಿ, ಕೊನೆಗೆ, "ದಯವಿಟ್ಟು ಆಯ್ದುಬಿಡ್ರೀ," ಅಂದಳು. ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ, "ಚಲೋ, ಜಲ್ದೀ ಕರೋ," ಅಂದಳು.

ಮಂಡಿಯೂರಿದೆ. ರಾಗಿಯ ಕಾಳು ಎಷ್ಟು ಸಣ್ಣದೆಂದು, ಅದನ್ನು ಮುದ್ದೆ ಮಾಡಿ ನುಂಗುವವನಿಗೆ ಗೊತ್ತಾಗುವುದಿಲ್ಲ. ಎಡಗೈಯ ಬೆರಳಿಗೆ ಎಂಜಲು ಹಚ್ಚಿಕೊಂಡು ಒತ್ತಿದರೆ ಅಂಟಿಕೊಳ್ಳುತ್ತದೆ ಎಂದು ಕಂಡುಕೊಂಡೆ. ಎಂಜಲು ಕಂಡು ಅತ್ತೆ ಅದನ್ನೂ ನಿಲ್ಲಿಸಿದರು.

ಸೊಸೆಗೆ ಸ್ವಲ್ಪ ಹೊತ್ತು ಭಯವಿತ್ತು. ಆಮೇಲೆ ತನ್ನ ಸುತ್ತ ಬೋಳುತಲೆಯೊಂದು ನಾಲ್ಕು ಕಾಲಿನಲ್ಲಿ ಸುತ್ತುತ್ತಿರುವುದು ಅವಳಿಗೆ ಮಜವಾಗಿ ಕಂಡಿತು. ಕಾಲಿನ ಹೆಬ್ಬೆರಳು ಚಾಚಿ, "ಭಯ್ಯಾ, ಯಹಾಂ ಭೀ," ಅಂದಳು. ಅಲ್ಲಿ ಆಯ್ದೆ. "ಭಯ್ಯಾ, ವಹಾಂ ಭೀ." ಅಲ್ಲೂ ಆಯ್ದೆ. ಅಲ್ಲಿ ಏನೂ ಇರಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಕೈ ತೆಗೆದು ನಕ್ಕಳು.

ತಲೆಯ ಮೇಲೆ ಶಟರಿನ ಸದ್ದು ಕೇಳಿಸಿತು.

ಹೆಂಡತಿ ಕೆಲಸ ಶುರುಮಾಡಿದ್ದಳು. ಪರದೆ ಸರಿಸಿ, ಕಿಟಕಿಯಿಂದ ಬರುತ್ತಿದ್ದ ಚಳಿಗಾಲದ ಬಿಸಿಲಿನಲ್ಲೇ ತೆಗೆಯುತ್ತಿದ್ದಳು. ಬೆಳಗ್ಗೆಯಿಂದ ಬಾರದ ನಗು ಆ ಹುಡುಗಿಯ ಮುಖಕ್ಕೆ ಬಂದಿತ್ತು, ಅದನ್ನು ಯಾವ ಫೋಟೋಗ್ರಾಫರು ಬಿಡುತ್ತಾರೆ? "ಬಹುತ್ ಸುಂದರ್," ಅಂದಳು ಹುಡುಗಿಗೆ. ನನಗೆ, ಕ್ಯಾಮೆರಾದಿಂದ ಕಣ್ಣು ತೆಗೆಯದೆ, ತಗ್ಗಿದ ದನಿಯಲ್ಲಿ, "ಇನ್ನೂ ಸ್ವಲ್ಪ ಬಗ್ಗಿ, ಫ್ರೇಮಲ್ಲಿ ಬರ್ತಿದೀರಿ," ಅಂದಳು.

ಬಗ್ಗಿದೆ. ಮೂಗು ಮಾರ್ಬಲ್‌ಗೆ ತಾಗಿತು. ಸೊಸೆ ಇನ್ನಷ್ಟು ನಕ್ಕಳು. ಅತ್ತೆ ಕೂಡ, ಮಾಟ ಬಿಚ್ಚುತ್ತಿರುವುದಕ್ಕೋ ಏನೋ, ಮೊದಲ ಸಲ ಸಡಿಲವಾಗಿ ಸೋಫಾಗೆ ಒರಗಿದರು. ಆ ದಿನದ ಅತ್ಯುತ್ತಮ ಚಿತ್ರಗಳು ಆಗಲೇ ಬಂದವು. ಒಂದನ್ನು ದೊಡ್ಡದು ಮಾಡಿ ಅದೇ ಡ್ರಾಯಿಂಗ್ ರೂಮಿನ ಗೋಡೆಗೆ ಹಾಕಿದ್ದಾರಂತೆ. ನಾನು ಅದರಲ್ಲಿಲ್ಲ. ಚೆನ್ನಾಗಿ ಬಗ್ಗಿದ್ದೆ.

ಕೊನೆಯ ಕಾಳು ಎತ್ತಿದ ಮೇಲೆ ಅತ್ತೆ ಹೆಂಡತಿಗೆ ಹೇಳಿದರು: ಇಂಥವನನ್ನು ಇಟ್ಟುಕೊಂಡರೆ ನಿನಗೂ ಕೇಡು. ಈಗಲೇ ತೆಗೆದುಹಾಕು, ನನ್ನ ಕಣ್ಣ ಮುಂದೆ.

ಹೆಂಡತಿ ನನ್ನ ಕಡೆ ತಿರುಗಿದಳು. "ಸುನೋ. ಕಲ್ ಸೇ ಮತ್ ಆನಾ."

"ಜೀ ಮೇಡಂ," ಅಂದೆ. ಇಂಟರ್‌ವ್ಯೂಗಳಲ್ಲಿ ಎಷ್ಟೋ ಸಲ ಹೇಳಿ ರೂಢಿಯಾದ ದನಿ ತಾನಾಗಿ ಬಂತು.

ಕಾರಿನ ಕೀಲಿ ನನ್ನ ಜೇಬಿನಲ್ಲಿತ್ತು. ಆದರೆ ದಿನಗೂಲಿಯವನು ಮೇಡಂ ಕಾರು ತೆಗೆಯುವಂತಿಲ್ಲ. ಬೀದಿಯ ತಿರುವಿನ ತನಕ ನಡೆದು ಹೋಗಿ ಪಾನ್ ಅಂಗಡಿಯ ಹಿಂದೆ ನಿಂತೆ. ತುಂಬ ಹೊತ್ತಿನ ಮೇಲೆ ಹೆಂಡತಿ ಸ್ಟ್ಯಾಂಡು, ಬೂಮು, ಚೀಲಗಳನ್ನು ಎರಡೂ ಭುಜಕ್ಕೆ ನೇತುಹಾಕಿಕೊಂಡು, ಏದುಸಿರು ಬಿಡುತ್ತಾ, ಕಾರು ದಾಟಿ ತಿರುವಿನವರೆಗೂ ನಡೆದು ಬಂದಳು. ಬಾಲ್ಕನಿಯಿಂದ ಅತ್ತೆ ನೋಡುತ್ತಿದ್ದರು. ನಾನು ಅವಳ ಚೀಲ ಇಸಿದುಕೊಳ್ಳಲಿಲ್ಲ, ಕೀಲಿ ಮಾತ್ರ ಕೊಟ್ಟೆ. ಅವಳು ವಾಪಸು ಹೋಗಿ ಕಾರು ತಂದಳು.

ಕಾರು ರಿಂಗ್ ರೋಡಿಗೆ ಬಂತು.

"ಗಂಡ ಅಂದಿದ್ರೆ ನಾನೇ ಮಾಟ ಮಾಡಿಸ್ದೆ ಅಂತಿದ್ರು," ಅಂದಳು.

"ಗೊತ್ತು."

"ಅತ್ತೆ ಬುಕಿಂಗ್ ಕೊಟ್ರು. ನಾದಿನಿ ಮಗಳ ಮಗು, ಆಮೇಲೆ ಇನ್ನೊಬ್ಬರು ಯಾರೋ."

"ಒಳ್ಳೇದಾಯ್ತಲ್ಲ." ಆಮೇಲೆ ತಡೆಯಲಾಗದೆ, "ಲೈಟು ಬೀಳ್ಲಿಲ್ಲ ನೋಡು," ಅಂದೆ.

ಅವಳು ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಳು. "ನಾಳೆಯಿಂದ ನೀವು ಬರೋದು ಬೇಡ ರೀ."

"ಆಗಲೇ ಹೇಳಿದ್ಯಲ್ಲ."

"ಅದು ಅವರಿಗೋಸ್ಕರ ಹೇಳಿದ್ದು. ಇದು ನಾನು ಹೇಳ್ತಿರೋದು."

ಅವಳ ಮಾತು ಸರಿಯೇ ಇತ್ತು. ಆ ಮನೆಯ ಹೆಂಗಸರು ಒಬ್ಬರಿಂದೊಬ್ಬರಿಗೆ ಕೊಂಡಿಯಂತೆ ಸೇರಿಕೊಂಡವರು. ಒಬ್ಬರ ಮನೆಯಲ್ಲಿ ತೆಗೆದುಹಾಕಿದವನು ಇನ್ನೊಬ್ಬರ ಮನೆಯಲ್ಲಿ ಕಾಣುವಂತಿಲ್ಲ. ಗಂಡ ಎಂದು ಈಗ ಹೇಳಿದರೆ ಮಾಟಕ್ಕೆ ಸುಳ್ಳೂ ಸೇರಿಕೊಳ್ಳುತ್ತದೆ. ಹೆಂಡತಿಗೆ ಒಂದು ಚಳಿಗಾಲದ ತುಂಬ ಕೆಲಸ ಸಿಕ್ಕಿತು, ಆ ಕೆಲಸದ ಒಂದು ಮನೆಯಲ್ಲೂ ನನಗೆ ಜಾಗವಿರಲಿಲ್ಲ.

ಅವಳು ಬೇರೆ ಯಾರನ್ನೂ ಇಟ್ಟುಕೊಳ್ಳಲಿಲ್ಲ. ಚಕ್ರವಿರುವ ದಪ್ಪ ಸ್ಟ್ಯಾಂಡು ಬರುತ್ತದಂತೆ, ಒಬ್ಬರೇ ತಳ್ಳಿಕೊಂಡು ಹೋಗಬಹುದಂತೆ, ಅಂದಳು. ಅದನ್ನು ಆರಿಸಲು ನನ್ನನ್ನೇ ಕರೋಲ್ ಬಾಗ್‌ಗೆ ಕಳಿಸಿದಳು. "ಭಾರದ ವಿಷಯ ನಿಮಗೇ ಚೆನ್ನಾಗಿ ಗೊತ್ತು," ಅಂದಳು, ಮೆಚ್ಚುಗೆಯಿಂದಲೇ. ಅಂಗಡಿಯಲ್ಲಿ ನಾಲ್ಕೈದು ಬಗೆ ಇದ್ದವು. ಒಂದೊಂದರ ಕಾಲು ಅಲ್ಲಾಡಿಸಿ, ತಿರುಪು ಬಿಗಿದು, ಪೂರ್ತಿ ಎತ್ತರಿಸಿ, ತುದಿಗೆ ಜೋತುಬಿದ್ದು ನೋಡಿದೆ. ಅಂಗಡಿಯವನು, "ಇಷ್ಟೆಲ್ಲಾ ಯಾರೂ ನೋಡಲ್ಲ, ಅಂಕಲ್," ಅಂದ ಅವನ ಭಾಷೆಯಲ್ಲಿ. ಕಳಪೆಯದೊಂದನ್ನು ಆರಿಸಿಬಿಡಬಹುದು ಎಂಬ ಯೋಚನೆ ಬರಲಿಲ್ಲ ಅಂದರೆ ಸುಳ್ಳು. ಕೈ ಬರಲಿಲ್ಲ. ಎಲ್ಲಕ್ಕಿಂತ ಗಟ್ಟಿಯಾದದ್ದನ್ನೇ ತಂದೆ.

ಈಗ ನಾನು ಕಾರು ಓಡಿಸುತ್ತೇನೆ. ಗಿರಾಕಿಯ ಮನೆಯ ಗೇಟಿನಿಂದ ಸ್ವಲ್ಪ ಆಚೆ ನಿಲ್ಲಿಸಿ, ದಿಲ್ಲಿಯ ಹೊಗೆಯ ನೆಪದಲ್ಲಿ ಮಾಸ್ಕು ಹಾಕಿಕೊಂಡು ಕೂರುತ್ತೇನೆ. ಹೊಗೆ ಇಲ್ಲದ ದಿನವೂ ಹಾಕಿಕೊಳ್ಳಬೇಕು. ಹೆಂಡತಿ ಸ್ಟ್ಯಾಂಡನ್ನು ತಳ್ಳಿಕೊಂಡು ಒಳಗೆ ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಮೇಲಿನ ಯಾವುದೋ ಕಿಟಕಿಯಲ್ಲಿ ಫ್ಲಾಶು ಮಿಂಚುತ್ತದೆ. ನಾನು ಆ ಕಿಟಕಿಯನ್ನೇ ನೋಡುತ್ತಿರುತ್ತೇನೆ. ಮತ್ತೆ ಮಿಂಚುವುದು ತಡವಾದರೆ ಕೈ ಬಾಗಿಲಿನ ಹಿಡಿಕೆಗೆ ಹೋಗುತ್ತದೆ. ಮೊನ್ನೆ ಬಹಳ ಹೊತ್ತು ಮಿಂಚಲೇ ಇಲ್ಲ. ಬಾಗಿಲು ತೆರೆದು ಒಂದು ಕಾಲು ರಸ್ತೆಗಿಟ್ಟಿದ್ದೆ. ಆಗ ಮಿಂಚಿತು, ಮತ್ತೊಮ್ಮೆ ಮಿಂಚಿತು. ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡೆ. ಒಳಗೆ ಏನೂ ಬಿದ್ದಿರಲಿಲ್ಲ, ಹಿಡಿಯಲು ನಾನು ಬೇಕಿರಲಿಲ್ಲ. ನನಗೆ ಆಗ ಆದದ್ದು ನೆಮ್ಮದಿಯಲ್ಲ.